ಯಾವ ಬಾಬ್ತಿಗೂ ಸೇರದ ಖರ್ಚು

ರಾಯಚೂರು ಜಿಲ್ಲೆಯ ತಾಲ್ಲೂಕು ಕೇಂದ್ರವೊಂದರಲ್ಲಿ, ಹತ್ತಿ ಹೊಲಗಳಿಗೆ ಕೂಲಿ ಹೋಗುತ್ತಿದ್ದ ಮಕ್ಕಳನ್ನು ಮತ್ತೆ ಶಾಲೆಗೆ ಕರೆತರುವ ಸಣ್ಣ ಸಂಸ್ಥೆಯಲ್ಲಿ ನಾನು ಹನ್ನೊಂದು ವರ್ಷ ಲೆಕ್ಕ ಬರೆದೆ. ಅಷ್ಟು ವರ್ಷಗಳಲ್ಲಿ ಒಮ್ಮೆಯೂ ನನ್ನ ಸಂಬಳ ‘ಲೆಕ್ಕಿಗರ ಸಂಬಳ’ ಎಂಬ ಹೆಸರಿನಲ್ಲಿ ಯಾವ ದಾನಿಗಳ ಬಜೆಟ್ಟಿಗೂ ಸೇರಲಿಲ್ಲ. ಒಂದು ಯೋಜನೆಯಲ್ಲಿ ನಾನು ಅರ್ಧ ‘ಕ್ಷೇತ್ರ ಸಂಯೋಜಕಿ’, ಇನ್ನೊಂದರಲ್ಲಿ ಕಾಲು ಭಾಗ ‘ತರಬೇತಿ ಸಹಾಯಕಿ’. ಉಳಿದ ಕಾಲು ಭಾಗ ಯಾವ ಬಾಬ್ತಿಗೂ ಸೇರದೆ ಸಂಸ್ಥೆಯ ಮುಖ್ಯಸ್ಥರ ಸ್ವಂತ ಜೇಬಿನಿಂದ ಬರುತ್ತಿತ್ತು, ಎಷ್ಟೋ ತಿಂಗಳು ಬರುತ್ತಲೂ ಇರಲಿಲ್ಲ. ಪ್ರತಿ ರೂಪಾಯಿಗೂ ವೋಚರ್ ಇಟ್ಟು ಲೆಕ್ಕದಲ್ಲಿ ಸುಳ್ಳು ನುಸುಳದಂತೆ ನೋಡಿಕೊಳ್ಳಬೇಕಾದವಳೇ ಸುಳ್ಳು ಹುದ್ದೆಯ ಮೇಲೆ ಕುಳಿತಿದ್ದಾಳೆ ಎಂಬುದು ಆಗ ನನಗೆ ವಿಚಿತ್ರವೆನಿಸಲಿಲ್ಲ. ನನಗೆ ಗೊತ್ತಿದ್ದ ಸುತ್ತಲಿನ ಸಂಸ್ಥೆಗಳಲ್ಲೂ ಅದೇ ರೂಢಿ ಇತ್ತು.

ಈಗ ನಾನು ಮೇಜಿನ ಆಚೆ ಬದಿಯಲ್ಲಿದ್ದೇನೆ. ಬೆಂಗಳೂರಿನ ಒಂದು ಕುಟುಂಬ ತಮ್ಮ ಸ್ವಂತ ಗಳಿಕೆಯಿಂದ ನಡೆಸುವ ಪುಟ್ಟ ಪ್ರತಿಷ್ಠಾನದ ನಾಲ್ವರು ಟ್ರಸ್ಟಿಗಳಲ್ಲಿ ನಾನೂ ಒಬ್ಬಳು. ವರ್ಷಕ್ಕೆ ಸುಮಾರು 60 ಲಕ್ಷ ರೂಪಾಯಿ ಹಂಚುತ್ತೇವೆ. ದಾನದ ಲೋಕದಲ್ಲಿ ಇದು ಲೆಕ್ಕಕ್ಕೇ ಬಾರದ ಮೊತ್ತ. ಆದರೆ ಇಷ್ಟು ಸಣ್ಣ ಹಣಕ್ಕೆ ಮಾತ್ರ ಸಾಧ್ಯವಾಗುವ ಕೆಲಸವೊಂದಿದೆ ಎಂದು ನನಗೆ ಮನದಟ್ಟಾಗಿದೆ, ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ದೇಶದಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೆ ಬರುವ ದೊಡ್ಡ ಹಣದ ಬಹುಪಾಲು ಮೂಗುದಾರ ಹಾಕಿಸಿಕೊಂಡೇ ಬರುತ್ತದೆ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ, 500 ಕೋಟಿ ರೂಪಾಯಿ ನಿವ್ವಳ ಮೌಲ್ಯ, 1000 ಕೋಟಿ ವಹಿವಾಟು ಅಥವಾ 5 ಕೋಟಿ ನಿವ್ವಳ ಲಾಭ, ಇವುಗಳಲ್ಲಿ ಯಾವುದಾದರೊಂದನ್ನು ಮುಟ್ಟಿದ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಕೆಲಸಗಳಿಗೆ ಖರ್ಚು ಮಾಡಬೇಕು. ಇದನ್ನೇ ಸಿಎಸ್‌ಆರ್ ಎನ್ನುತ್ತಾರೆ. ಕಾನೂನು ಒಳ್ಳೆಯದೇ, ಅದರಿಂದ ಎಷ್ಟೋ ಶಾಲೆಗಳಿಗೆ ಕೊಠಡಿಗಳು ಬಂದಿವೆ. ಆದರೆ ಆ ಹಣ ಯೋಜನೆಯ ಹೆಸರಿನಲ್ಲಿ, ವರ್ಷದ ಲೆಕ್ಕದಲ್ಲಿ, ಎಣಿಸಿ ತೋರಿಸಬಹುದಾದ ಫಲಾನುಭವಿಗಳ ಪಟ್ಟಿಯೊಂದಿಗೆ ಮಾತ್ರ ಓಡಾಡುತ್ತದೆ. 2021ರ ನಿಯಮಗಳಲ್ಲಿ ಆಡಳಿತ ವೆಚ್ಚ ಶೇ. 5ನ್ನು ಮೀರಬಾರದು ಎಂಬ ಮಾತಿದೆ. ಅದು ಕಂಪನಿ ತನ್ನ ಸಿಎಸ್‌ಆರ್ ವಿಭಾಗವನ್ನು ನಡೆಸುವ ಖರ್ಚಿಗೆ ಹಾಕಿದ ಮಿತಿಯೇ ಹೊರತು ಹಣ ಪಡೆಯುವ ಸಂಸ್ಥೆಗಲ್ಲ. ಆದರೂ ಬಜೆಟ್ ಪರಿಶೀಲನೆಗೆ ಕುಳಿತ ಅಧಿಕಾರಿಗಳು ಅದೇ ಐದನ್ನು ತೋರಿಸಿ ಸಂಸ್ಥೆಯ ಬಾಡಿಗೆ, ಕರೆಂಟ್ ಬಿಲ್, ಲೆಕ್ಕಿಗರ ಸಂಬಳಗಳನ್ನು ಹೊಡೆದುಹಾಕಿದ್ದನ್ನು ನಾನು ಒಂದಕ್ಕಿಂತ ಹೆಚ್ಚು ಬಾರಿ ಕಂಡಿದ್ದೇನೆ. ನಿಯಮವನ್ನು ಪೂರ್ತಿ ಓದಿ ಹೇಳುವ ಧೈರ್ಯ ಕೈಚಾಚಿ ಕುಳಿತವರಿಗೆ ಎಲ್ಲಿಂದ ಬರಬೇಕು?

ವಿದೇಶಿ ದೇಣಿಗೆಯ ದಾರಿ ಆ ಕುರಿತ ಕಾಯ್ದೆಗೆ (ಎಫ್‌ಸಿಆರ್‌ಎ) 2020ರಲ್ಲಿ ತಂದ ತಿದ್ದುಪಡಿಯ ನಂತರ ಇನ್ನೂ ಕಿರಿದಾಯಿತು. ಆಡಳಿತ ವೆಚ್ಚದ ಮಿತಿ ಶೇ. 50ರಿಂದ ಶೇ. 20ಕ್ಕೆ ಇಳಿಯಿತು. ಅದಕ್ಕಿಂತ ಹೆಚ್ಚಿನ ಪೆಟ್ಟೆಂದರೆ, ಒಂದು ಸಂಸ್ಥೆ ತಾನು ಪಡೆದ ವಿದೇಶಿ ಹಣವನ್ನು ಇನ್ನೊಂದಕ್ಕೆ ಹಂಚುವುದು ನಿಷಿದ್ಧವಾಯಿತು. ನಗರದ ದೊಡ್ಡ ಸಂಸ್ಥೆಯೊಂದು ದಾನಿಗಳಿಗೆ ವರದಿ ಕೊಡುವ ಹೊರೆಯನ್ನು ತಾನೇ ಹೊತ್ತು, ಹಳ್ಳಿಗಳಲ್ಲಿರುವ ಐದಾರು ಚಿಕ್ಕ ಗುಂಪುಗಳಿಗೆ ಹಣ ಮುಟ್ಟಿಸುತ್ತಿದ್ದ ವ್ಯವಸ್ಥೆ ಅಲ್ಲಿಗೆ ನಿಂತಿತು.

ಹಾಗಾದರೆ ಬಾಡಿಗೆಗೆ, ಆಡಿಟ್ ಶುಲ್ಕಕ್ಕೆ, ಪ್ರಾವಿಡೆಂಟ್ ಫಂಡಿಗೆ, ಎರಡು ಯೋಜನೆಗಳ ನಡುವಿನ ಬರಗಾಲದ ತಿಂಗಳುಗಳಿಗೆ ಹಣ ಕೊಡಬಲ್ಲವರು ಯಾರು? ಷೇರುದಾರರಿಗೂ ವಿದೇಶಿ ದಾನಿಗಳಿಗೂ ಉತ್ತರ ಕೊಡಬೇಕಿಲ್ಲದ, ತಮ್ಮ ಮನೆಯ ಹಣವನ್ನೇ ಕೊಡುವ ನಮ್ಮಂಥ ಖಾಸಗಿ ಪ್ರತಿಷ್ಠಾನಗಳು ಮಾತ್ರ. ಬಾಡಿಗೆಗೆ ಕೊಡಬೇಡಿ ಎಂದು ನಮಗೆ ಯಾವ ಕಾನೂನೂ ಹೇಳುವುದಿಲ್ಲ. ಆದರೂ ನಾನು ಟ್ರಸ್ಟಿಯಾದಾಗ ನಮ್ಮ ಅರ್ಜಿ ನಮೂನೆ 23 ಪುಟಗಳಷ್ಟಿತ್ತು. ಯಾವುದೋ ಕಂಪನಿಯ ನಮೂನೆಯನ್ನು ಇಳಿಸಿಕೊಂಡು ಮೇಲಿನ ಹೆಸರನ್ನಷ್ಟೇ ಬದಲಿಸಿದ್ದರು. ನಾಲ್ಕು ಲಕ್ಷ ರೂಪಾಯಿ ಕೇಳುವ ಸಂಸ್ಥೆ ಮೂರು ತಿಂಗಳಿಗೊಮ್ಮೆ ವರದಿ, ಫೋಟೊ, ಬಳಕೆ ಪ್ರಮಾಣಪತ್ರ ಕಳುಹಿಸಬೇಕಿತ್ತು. ಅದನ್ನೆಲ್ಲ ಸಿದ್ಧಪಡಿಸಲು ಬೇಕಾದ ಗುಮಾಸ್ತರ ಸಂಬಳಕ್ಕೆ ಮಾತ್ರ ನಮ್ಮ ಬಜೆಟ್ಟಿನಲ್ಲಿ ಜಾಗವಿರಲಿಲ್ಲ. ಬಡವನ ಮನೆಗೆ ಊಟಕ್ಕೆ ಹೋಗಿ ಬಾಳೆಎಲೆ ಸಣ್ಣದಾಯಿತೆಂದು ಆಕ್ಷೇಪಿಸುವ ನೆಂಟರ ಹಾಗಿದ್ದೆವು ನಾವು.

ನಮೂನೆಯನ್ನು ಬದಲಿಸೋಣವೆಂದು ನಾನು ಸಭೆಯಲ್ಲಿ ಹೇಳಿದಾಗ ಎದ್ದ ಆಕ್ಷೇಪಗಳು ಹುರುಳಿಲ್ಲದವೇನಲ್ಲ. ಅಮೆರಿಕದ ಸಿರಿವಂತ ದಾನಿ ಮೆಕೆಂಜಿ ಸ್ಕಾಟ್ ಯಾವ ಕಟ್ಟುಪಾಡೂ ಇಲ್ಲದೆ ನೂರಾರು ಸಂಸ್ಥೆಗಳಿಗೆ ಕೊಟ್ಟ ಉದಾಹರಣೆಯನ್ನು ನಾನು ಎತ್ತಿದೆ. ಎಲ್ಲರಿಗಿಂತ ಹಿರಿಯರಾದ ಟ್ರಸ್ಟಿಯೊಬ್ಬರು, “ಅಲ್ಲಮ್ಮಾ, ಅವರದು ಶತಕೋಟಿ ಡಾಲರ್‌ಗಳ ಮಾತು. ನಮ್ಮ ನಾಲ್ಕು ಲಕ್ಷ ಎಲ್ಲಿ ಹೋಯಿತೆಂದು ಕೇಳದೆ ಇರೋದು ಹೇಗೆ?” ಎಂದರು. ನಾನು ಹತ್ತಿರದ ಉದಾಹರಣೆಗೆ ಬಂದೆ. ಕೋವಿಡ್ ನಂತರ, 2021ರಲ್ಲಿ, ಎಡೆಲ್‌ಗಿವ್ ಫೌಂಡೇಶನ್ ಹಲವು ದಾನಿಗಳನ್ನು ಕೂಡಿಸಿ ದೇಶದ 100 ತಳಮಟ್ಟದ ಸಂಸ್ಥೆಗಳನ್ನು ಎರಡು ವರ್ಷ ಕಾಲ ನಿಲ್ಲಿಸಿಕೊಳ್ಳಲು 100 ಕೋಟಿ ರೂಪಾಯಿಯ ನಿಧಿಯನ್ನು ರೂಪಿಸಿತ್ತು. ಅದರ ಗಮನ ಹೊಸ ಯೋಜನೆಗಳ ಮೇಲಲ್ಲ, ಸಂಸ್ಥೆಗಳ ಬೆನ್ನೆಲುಬಿನ ಮೇಲಿತ್ತು. ಅದಕ್ಕೂ ಅವರು ತಲೆಯಾಡಿಸಲಿಲ್ಲ.

ಕೊನೆಗೆ ಅವರನ್ನು ಒಪ್ಪಿಸಿದ್ದು ಶಾಸನದ ಮಾತು. ಅವರು ಹಾಸನದ ಕಡೆಯವರು, ಊರ ಕೆರೆಯ ಏರಿಯ ಮೇಲೆ ಶಾಸನದ ಕಲ್ಲು ನೋಡಿ ಬೆಳೆದವರು. ನಮ್ಮ ಶಾಸನಗಳಲ್ಲಿ ‘ಕಟ್ಟುಕೊಡಗೆ’ ಎಂಬ ಪದ ಬರುತ್ತದೆ. ಕೆರೆಯನ್ನು ಕಟ್ಟಿದವರಿಗೆ, ದುರಸ್ತಿಯಲ್ಲಿಟ್ಟವರಿಗೆ ಬಿಟ್ಟ ಭೂಮಿ ಅದು. ಕೆರೆ ಕಟ್ಟಿಸಿದ ಪುಣ್ಯ ಕಲ್ಲಿನಲ್ಲಿ ಉಳಿಯುತ್ತದೆ, ಆದರೆ ವರ್ಷವರ್ಷವೂ ಹೂಳು ತೆಗೆದು ಏರಿ ಕಾಯುವವನ ಹೊಟ್ಟೆಗೆ ದಾರಿ ಮಾಡದಿದ್ದರೆ ಎರಡು ಮಳೆಗಾಲಕ್ಕೆ ಕೆರೆ ಹಾಳಾಗುತ್ತದೆ ಎಂಬುದು ಕೊಟ್ಟವರಿಗೆ ಗೊತ್ತಿತ್ತು. ಗದ್ದೆಯನ್ನೇ ಕೊಟ್ಟಿದ್ದರಿಂದ ಅದರ ಹುಟ್ಟುವಳಿಯನ್ನು ಹೇಗೆ ಬಳಸಬೇಕೆಂಬ ವಿವೇಚನೆ ಅವನದೇ. ಕೆರೆ ತುಂಬಿದೆಯೇ, ಏರಿ ಗಟ್ಟಿಯಿದೆಯೇ ಎಂಬುದನ್ನು ಊರೇ ನೋಡುತ್ತಿತ್ತು. “ಅಂದರೆ ನಾವು ಕೇಳಬೇಕಾದ್ದು ಏರಿಯನ್ನು, ಗುದ್ದಲಿಯ ಬಿಲ್ಲನ್ನಲ್ಲ” ಎಂದರು ಅವರು. ಈ ಸಾಲನ್ನು ನಡಾವಳಿ ಪುಸ್ತಕದಲ್ಲಿ ಹಾಗೆಯೇ ಬರೆದುಕೊಂಡಿದ್ದೇನೆ.

ಈಗ ನಮ್ಮ ಅರ್ಜಿ ಎರಡು ಪುಟ. ಕನ್ನಡದಲ್ಲಿ ಬರೆದರೆ ಸಾಕು. ಹಿಂದೆ ಇಂಗ್ಲಿಷ್ ಬಲ್ಲ ಒಬ್ಬರನ್ನು ಹುಡುಕಿ ಬರೆಸುವುದಕ್ಕೇ ಸಂಸ್ಥೆಗಳಿಗೆ ತಿಂಗಳು ಹಿಡಿಯುತ್ತಿತ್ತು. ನೋಂದಣಿ ಪತ್ರ, ಆದಾಯ ತೆರಿಗೆ ವಿನಾಯಿತಿಯ 12ಎ, 80ಜಿ ಪತ್ರಗಳು ಮತ್ತು ಮೂರು ವರ್ಷಗಳ ಆಡಿಟ್ ಆದ ಲೆಕ್ಕ ಕೇಳುತ್ತೇವೆ, ಆಮೇಲೆ ನಮ್ಮಲ್ಲಿ ಇಬ್ಬರು ಹೋಗಿ ಎರಡು ದಿನ ಇದ್ದು ಬರುತ್ತೇವೆ. ಒಪ್ಪಿಗೆಯಾದರೆ ಮೂರು ವರ್ಷಗಳ ಮಾತು, ಹಣ ಪ್ರತಿ ಏಪ್ರಿಲ್‌ನಲ್ಲಿ ಒಂದೇ ಕಂತಿನಲ್ಲಿ ಹೋಗುತ್ತದೆ. ಏಪ್ರಿಲ್ ಏಕೆಂದರೆ, ನಾನು ಲೆಕ್ಕ ಬರೆಯುತ್ತಿದ್ದ ಕಾಲದಲ್ಲಿ ಯೋಜನೆಗಳ ಮೊದಲ ಕಂತು ದಸರೆಯ ಆಸುಪಾಸಿನಲ್ಲಿ ಬರುತ್ತಿತ್ತು. ಅಲ್ಲಿಯವರೆಗೆ ಕಾರ್ಯಕರ್ತೆಯರು ಅರ್ಧ ಸಂಬಳದಲ್ಲಿ ದುಡಿಯುತ್ತಿದ್ದರು, ಆಮೇಲೆ ಮಾರ್ಚ್ ಒಳಗೆ ಅಷ್ಟೂ ಹಣ ಮುಗಿಸಬೇಕೆಂಬ ಧಾವಂತ. ಪ್ರತ್ಯೇಕ ಬಳಕೆ ಪ್ರಮಾಣಪತ್ರವನ್ನು ಕೈಬಿಟ್ಟಿದ್ದೇವೆ. ಇಡೀ ಸಂಸ್ಥೆಯ ಆಡಿಟ್ ವರದಿಯಲ್ಲಿ ನಮ್ಮ ಹಣ ಸೇರಿಹೋಗಿರುತ್ತದೆ, ಆ ವರದಿಯನ್ನು ನಾನೇ ಕುಳಿತು ಓದುತ್ತೇನೆ. ಕಟ್ಟುಪಾಡಿಲ್ಲದ ಹಣವೆಂದರೆ ಲೆಕ್ಕವಿಲ್ಲದ ಹಣ ಎಂದು ತಿಳಿದವರು ಒಮ್ಮೆ ಬಂದು ನನ್ನ ಪಕ್ಕದಲ್ಲಿ ಕುಳಿತುಕೊಳ್ಳಲಿ.

ತೆರಿಗೆಯ ತೊಡಕು ಇದ್ದೇ ಇದೆ. ತೆರಿಗೆ ವಿನಾಯಿತಿ ಉಳಿಯಬೇಕಾದರೆ ನಮ್ಮಂಥ ಟ್ರಸ್ಟ್ ವರ್ಷದ ಆದಾಯದ ಶೇ. 85ರಷ್ಟನ್ನಾದರೂ ತನ್ನ ಉದ್ದೇಶಕ್ಕೆ ಬಳಸಬೇಕು. 2023ರ ಹಣಕಾಸು ಕಾಯ್ದೆಯ ನಂತರ, ಇನ್ನೊಂದು ನೋಂದಾಯಿತ ಟ್ರಸ್ಟಿಗೆ ಕೊಟ್ಟ 100 ರೂಪಾಯಿ 85 ರೂಪಾಯಿಯಾಗಿ ಮಾತ್ರ ಈ ಲೆಕ್ಕಕ್ಕೆ ಬರುತ್ತದೆ. ಖರ್ಚು ಮಾಡದೆ ಉಳಿಸಿಡುವ ಮೂಲನಿಧಿಗೆಂದು ಕೊಟ್ಟರೆ ಅದೂ ಬರುವುದಿಲ್ಲ. ಸಂಸ್ಥೆಯೊಂದು ನಾಳೆಯ ಕಷ್ಟಕ್ಕೆ ಗಂಟು ಕಟ್ಟಿಟ್ಟುಕೊಳ್ಳಲು ನೆರವಾಗುವುದೇ ಎಲ್ಲಕ್ಕಿಂತ ದೊಡ್ಡ ಉಪಕಾರ ಎಂದು ನಾನು ನಂಬಿರುವಾಗ, ಕಾನೂನು ಅದನ್ನೇ ದುಬಾರಿ ಮಾಡಿದೆ.

ಎಲ್ಲವೂ ಸರಿಹೋಗಿದೆ ಎನ್ನಲಾರೆ. ಅನೇಕರಿಗೆ ಸ್ವಲ್ಪ ಸ್ವಲ್ಪ ಹಂಚುತ್ತಿದ್ದಲ್ಲಿ ಈಗ ಎಂಟು ಸಂಸ್ಥೆಗಳಿಗೆ ಗಟ್ಟಿಯಾಗಿ ಕೊಡುತ್ತಿದ್ದೇವೆ, ಆದ್ದರಿಂದ ಇಲ್ಲ ಎನ್ನಬೇಕಾದ ಕಾಗದಗಳು ಹೆಚ್ಚಾಗಿವೆ. ಅವುಗಳನ್ನು ಬರೆಯುವಾಗ ಕೈ ತಡೆಯುತ್ತದೆ. ಒಂದು ಸಂಸ್ಥೆ ಮೊದಲ ವರ್ಷದ ಹಣದಲ್ಲಿ ಜೀಪು ಕೊಂಡಿತು. ನಮ್ಮಲ್ಲಿ ಇಬ್ಬರಿಗೆ ಅದು ಸರಿಬರಲಿಲ್ಲ, ನನಗೂ ಒಳಗೊಳಗೆ ಕಸಿವಿಸಿಯಾಯಿತು. ಹೋಗಿ ನೋಡಿದರೆ ಬಸ್ಸಿಲ್ಲದ ಹಾಡಿಗಳಿಗೆ ಅವರು ವಾರಕ್ಕೆ ನಾಲ್ಕು ದಿನ ಓಡಾಡುತ್ತಿದ್ದರು. ಇನ್ನೊಂದು ಕಡೆ ನಮ್ಮ ಅಂದಾಜೇ ತಪ್ಪಿತ್ತು. ಮುಖ್ಯಸ್ಥರು ತೀರಿಕೊಂಡ ಮೇಲೆ ಕೆಲಸ ಕುಸಿಯಿತು, ಹಣ ಅದನ್ನು ಉಳಿಸಲಿಲ್ಲ. ಮೂರನೆಯ ವರ್ಷದ ಕಂತನ್ನು ಕೊಡಬೇಕೆ ಬೇಡವೆ ಎಂಬ ಚರ್ಚೆ ಎರಡು ಸಭೆಗಳನ್ನು ನುಂಗಿತು. ಕೊಟ್ಟ ಮಾತು ಮಾತೇ ಎಂದು ಕೊಟ್ಟೆವು. ಬಾಕಿ ಸಂಬಳಗಳನ್ನು ತೀರಿಸಿ, ಕಡತಗಳನ್ನು ಒಪ್ಪಮಾಡಿ, ಅವರು ಮರ್ಯಾದೆಯಿಂದ ಬಾಗಿಲು ಮುಚ್ಚಿದರು. ಅದು ದಂಡವಾಯಿತೆಂದು ಹಿರಿಯರು ಈಗಲೂ ಹೇಳುತ್ತಾರೆ. ಈ ವಿಷಯದಲ್ಲಿ ನಾನು ಅವರ ಮಾತನ್ನು ಒಪ್ಪಿಲ್ಲ.

ಕಳೆದ ವಾರ ಕೊಪ್ಪಳದ ಕಡೆಯ ಸಂಸ್ಥೆಯಿಂದ ವರ್ಷದ ಪತ್ರ ಬಂತು, ಒಂದೂವರೆ ಪುಟ. ಕಚೇರಿಯ ಚಾವಣಿ ಸೋರುತ್ತಿದ್ದುದನ್ನು ರಿಪೇರಿ ಮಾಡಿಸಿದ್ದಾರೆ. ಹದಿನಾಲ್ಕು ವರ್ಷ ದುಡಿದ ಅಡುಗೆಯವರಿಗೆ ಗ್ರಾಚ್ಯುಟಿ ಕೊಟ್ಟಿದ್ದಾರೆ. ಕೊನೆಯ ಸಾಲಿನಲ್ಲಿ ಹೀಗಿತ್ತು: “ಅಕ್ಕಾರ, ಈ ವರ್ಷ ನಮ್ಮ ಲೆಕ್ಕದ ಹುಡುಗಿಯ ಪಗಾರವನ್ನು ಲೆಕ್ಕದ ಹುಡುಗಿಯ ಪಗಾರ ಅಂತನೇ ಬರೆದೇವಿ.”