ಆ ಮತಯಂತ್ರ ಚೆಸ್ ಆಡಿತು

2006ರ ಸುಮಾರಿಗೆ ನೆದರ್‌ಲ್ಯಾಂಡ್ಸ್‌ನ ಬಹುಪಾಲು ಜನ ನೆಡಾಪ್ ಕಂಪನಿಯ ಯಂತ್ರದಲ್ಲಿ ಮತ ಹಾಕುತ್ತಿದ್ದರು. ಇದು ಕಂಪ್ಯೂಟರ್ ಅಲ್ಲ, ಮತ ಎಣಿಸೋಕೆ ಅಂತಲೇ ಮಾಡಿದ ಯಂತ್ರ ಅನ್ನೋದು ತಯಾರಕರ ಕಡೆಯವರ ವಾದ. ಬೇಕಾದರೆ ಇದರಲ್ಲಿ ಚೆಸ್ ಆಡಿಸಿ ತೋರಿಸಿ ಅನ್ನುವಲ್ಲಿಗೆ ಮಾತು ಬಂತು. ಅಲ್ಲಿನ ಹ್ಯಾಕರ್ ರಾಪ್ ಗೊಂಗ್ರೈಪ್ ಮತ್ತು ಅವರ ಗೆಳೆಯರು ಅಂಥದ್ದೇ ಯಂತ್ರ ತಂದು ಬಿಚ್ಚಿದರು. ಒಳಗಿನ ಚಿಪ್‌ಗಳಲ್ಲಿ ತಮ್ಮ ಪ್ರೋಗ್ರಾಂ ಹಾಕಿದರು. ಯಂತ್ರ ಚೆಸ್ ಆಡಿತು. ಆಮೇಲೆ ಒಂದು ಪಕ್ಷದ ಮತ ಕದ್ದು ಇನ್ನೊಂದಕ್ಕೆ ಕೊಡುವ ಪ್ರೋಗ್ರಾಂ ಕೂಡ ಬರೆದು ತೋರಿಸಿದರು.

ಅವರ ವರದಿಯಲ್ಲಿ ನನಗೆ ಬಹಳ ಇಷ್ಟವಾದದ್ದು ಇನ್ನೊಂದು ವಿಷಯ. ಒಂದು ಪಕ್ಷದ ಹೆಸರಿನಲ್ಲಿ ಒಂದು ಅಕ್ಷರದ ತಲೆ ಮೇಲೆ ಸಣ್ಣ ಗೀಟು ಇತ್ತು. ಆ ಅಕ್ಷರ ತೋರಿಸುವಾಗ ಯಂತ್ರದ ಡಿಸ್‌ಪ್ಲೇ ಬೇರೆ ವೇಗದಲ್ಲಿ ರಿಫ್ರೆಶ್ ಆಗುತ್ತಿತ್ತು. ಅದರಿಂದ ಹೊರಡುವ ರೇಡಿಯೋ ಸಿಗ್ನಲ್ ಕೂಡ ಬದಲಾಗುತ್ತಿತ್ತು. ಅಂದರೆ ಸ್ವಲ್ಪ ದೂರದಲ್ಲಿ ರಿಸೀವರ್ ಹಿಡಿದು ನಿಂತವನಿಗೆ, ಒಳಗಿರುವವರು ಆ ಪಕ್ಷವನ್ನು ಆರಿಸಿದರೋ ಇಲ್ಲವೋ ಗೊತ್ತಾಗುತ್ತಿತ್ತು! ಒಂದು ಸಣ್ಣ ಗೀಟಿನಿಂದ ಗುಪ್ತ ಮತದಾನದ ಗುಟ್ಟೇ ಹೊರಗೆ ಬಂತು. 2008ರಲ್ಲಿ ಆ ದೇಶ ಮತ್ತೆ ಕಾಗದಕ್ಕೆ, ಕೆಂಪು ಪೆನ್ಸಿಲ್‌ಗೆ ಹೋಯಿತು.

ನಿಜವಾದ ಹ್ಯಾಕರ್ ಯಾರು ಅಂತ ಕೇಳಿದರೆ ನನಗೆ ಮೊದಲು ನೆನಪಾಗುವುದು ಇವರು. ಚಿಪ್ ಬದಲಿಸುವ ಕೈಚಳಕ ತುಂಬಾ ಜನಕ್ಕಿದೆ. ಇವರ ವಿಶೇಷ ಬೇರೆ. ತಯಾರಕರ ಮಾತನ್ನು ಪರೀಕ್ಷೆ ಮಾಡಬಹುದಾದ ಒಂದು ಹೇಳಿಕೆ ಅಂತ ತೆಗೆದುಕೊಂಡರು. ಪರೀಕ್ಷೆ ಮಾಡಿದರು. ಹೇಗೆ ಮಾಡಿದೆವು ಅನ್ನೋದನ್ನು ಬರೆದು, ನಮ್ಮ ಮಾತನ್ನೂ ನಂಬಬೇಡಿ, ನೀವೇ ನೋಡಿ ಅಂತ ಎಲ್ಲರ ಮುಂದಿಟ್ಟರು. ಈ ಕೊನೆಯ ಕೆಲಸ ಮಾಡದವರನ್ನು ಹ್ಯಾಕರ್ ಅಂತ ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಹೀಗೆ ನೋಡಿದರೆ ಕೋಡ್ ಬರೆಯದವರೂ ಹ್ಯಾಕರ್ ಆಗಬಹುದು. ಬ್ರಿಟನ್ನಿನ ಅಲನ್ ಬೇಟ್ಸ್ ಅಂಥವರು. ವೇಲ್ಸ್‌ನಲ್ಲಿ ಒಂದು ಸಣ್ಣ ಅಂಚೆ ಕಚೇರಿ ನಡೆಸುತ್ತಿದ್ದರು. ಅಲ್ಲಿನ ಪೋಸ್ಟ್ ಆಫೀಸ್ ಸಂಸ್ಥೆ ಫುಜಿತ್ಸು ಕಂಪನಿಯ ಹೊರೈಜನ್ ಅನ್ನುವ ಲೆಕ್ಕದ ಸಾಫ್ಟ್‌ವೇರ್ ತಂದ ಮೇಲೆ, ಊರೂರಲ್ಲಿ ಕ್ಯಾಶ್ ಕಮ್ಮಿ ತೋರಿಸಲು ಶುರುವಾಯಿತು. ಸಂಸ್ಥೆ ಹೇಳಿದ್ದು ಒಂದೇ ಮಾತು: ಸಿಸ್ಟಂ ಸರಿಯಿದೆ. ಸಹಾಯವಾಣಿಗೆ ಫೋನ್ ಮಾಡಿದ ಎಷ್ಟೋ ಜನಕ್ಕೆ, ಈ ಸಮಸ್ಯೆ ನಿಮಗೊಬ್ಬರಿಗೇ ಬಂದಿರುವುದು ಅಂದರು. ಮರ್ಯಾದಸ್ಥರು ಹೆದರಿ ಕೈಯಿಂದ ದುಡ್ಡು ಕಟ್ಟಿದರು. 1999ರಿಂದ 2015ರವರೆಗೆ 900ಕ್ಕೂ ಹೆಚ್ಚು ಜನ ಕಳ್ಳತನ, ಸುಳ್ಳು ಲೆಕ್ಕದಂಥ ಆರೋಪಗಳಲ್ಲಿ ಅಪರಾಧಿಗಳಾದರು. 2010ರಲ್ಲಿ ಒಬ್ಬ ಗರ್ಭಿಣಿಯನ್ನು ಜೈಲಿಗೆ ಕಳಿಸಿದರು. ಕೆಲವರು ಜೀವ ಕಳೆದುಕೊಂಡರು. ಇದನ್ನು ಓದುವಾಗ ಇವತ್ತಿಗೂ ನನಗೆ ಸಿಟ್ಟು ಬರುತ್ತದೆ.

ಬೇಟ್ಸ್ ದುಡ್ಡು ಕಟ್ಟಲಿಲ್ಲ. ವ್ಯತ್ಯಾಸ ಎಲ್ಲಿಂದ ಬಂತು ಅಂತ ಕೂತು ಹುಡುಕಿದರು. ದಾಖಲೆ ಇಟ್ಟುಕೊಂಡರು. ಡೇಟಾ ಕೊಡಿ, ನಾನೇ ನೋಡುತ್ತೇನೆ ಅಂತ ಪತ್ರದ ಮೇಲೆ ಪತ್ರ ಬರೆದರು. 2003ರಲ್ಲಿ ಅವರ ಕಾಂಟ್ರಾಕ್ಟ್ ರದ್ದಾಯಿತು. ಆದರೂ ಬಿಡಲಿಲ್ಲ. ತನ್ನಂಥವರನ್ನು ಹುಡುಕಿ ಒಟ್ಟು ಮಾಡಿದರು. ಕೊನೆಗೆ 555 ಜನ ಸೇರಿ ಕೋರ್ಟಿಗೆ ಹೋದರು. ಹೊರಗಿನಿಂದ ಯಾರೂ ಶಾಖೆಯ ಲೆಕ್ಕ ಮುಟ್ಟೋಕೆ ಆಗಲ್ಲ ಅನ್ನೋದು ಸಂಸ್ಥೆಯ ಬಹಳ ಕಾಲದ ಮಾತಾಗಿತ್ತು. 2019ರ ಡಿಸೆಂಬರಿನಲ್ಲಿ ಬಂದ ತೀರ್ಪಿನಲ್ಲಿ ಅದು ಸುಳ್ಳಾಯಿತು. ಹೊರೈಜನ್‌ನಲ್ಲಿ ಬಗ್‌ಗಳಿದ್ದವು, ಫುಜಿತ್ಸು ಕಡೆಯಿಂದ ಲೆಕ್ಕ ಬದಲಿಸಲು ಸಾಧ್ಯವಿತ್ತು ಅಂತ ನ್ಯಾಯಾಧೀಶರು ಬರೆದರು. ನೂರಾರು ಜನರ ಶಿಕ್ಷೆಯನ್ನು ಒಟ್ಟಿಗೆ ರದ್ದು ಮಾಡುವ ಕಾನೂನು ಬಂದಿದ್ದು 2024ರಲ್ಲಿ. ಅಷ್ಟು ಹೊತ್ತಿಗೆ ಹಲವರು ತೀರಿಕೊಂಡಿದ್ದರು.

ಹಾಗಂತ ಅಧಿಕೃತವಾಗಿ ಹೇಳಿದ್ದೆಲ್ಲ ಸುಳ್ಳು ಅನ್ನುವವರ ಜೊತೆ ನಾನಿಲ್ಲ. ಅನುಮಾನ ಪಡೋಕೆ ಏನೂ ಖರ್ಚಿಲ್ಲ. ಎಲ್ಲವನ್ನೂ ನಂಬುವವನು, ಯಾವುದನ್ನೂ ನಂಬದವನು ಇಬ್ಬರೂ ಹುಡುಕುವ ಕಷ್ಟ ತಪ್ಪಿಸಿಕೊಂಡವರೇ. ಚಂದ್ರನ ಮೇಲೆ ಮನುಷ್ಯ ಇಳಿದಿದ್ದೇ ಸುಳ್ಳು ಅನ್ನೋದನ್ನೇ ತೆಗೆದುಕೊಳ್ಳಿ. ಕೇಳುವುದರಲ್ಲಿ ತಪ್ಪೇನಿಲ್ಲ, ಕೇಳಬೇಕು. ಆದರೆ ಉತ್ತರ ನೋಡುವ ತಾಳ್ಮೆಯೂ ಬೇಕಲ್ವಾ? ಅಪೊಲೊ 11, 14, 15ರ ಗಗನಯಾತ್ರಿಗಳು ಅಲ್ಲಿ ಬೆಳಕನ್ನು ಬಂದ ದಾರಿಯಲ್ಲೇ ತಿರುಗಿಸುವ ಪ್ರತಿಫಲಕಗಳನ್ನು ಇಟ್ಟು ಬಂದರು. ಬೇರೆ ಬೇರೆ ದೇಶಗಳ ವೀಕ್ಷಣಾಲಯಗಳು ಅವುಗಳಿಗೆ ಲೇಸರ್ ಬಿಟ್ಟು ನೋಡಿವೆ. ಸುಮಾರು ಎರಡೂವರೆ ಸೆಕೆಂಡಿನಲ್ಲಿ ಬೆಳಕು ವಾಪಸ್ ಬರುತ್ತದೆ. ಇಲ್ಲಿ ಪರೀಕ್ಷೆ ಮಾಡಿದವರಿಗೆ ಅಧಿಕೃತ ಮಾತೇ ನಿಜ ಅಂತ ಗೊತ್ತಾಯಿತು. ಇದನ್ನು ಒಪ್ಪಿಕೊಳ್ಳಲು ಆಗದವನು ಪ್ರಶ್ನೆ ಕೇಳುತ್ತಿಲ್ಲ. ಅವನ ಉತ್ತರ ಮೊದಲೇ ತೀರ್ಮಾನವಾಗಿದೆ.

2024ರ ಮಾರ್ಚ್‌ನಲ್ಲಿ ನಡೆದದ್ದು ಇದಕ್ಕೆ ಪೂರ್ತಿ ಎದುರು. ಆಂಡ್ರೆಸ್ ಫ್ರಾಯಿಂಡ್ ಅನ್ನುವ ಇಂಜಿನಿಯರ್‌ಗೆ ಮೊದಲು ಯಾರ ಮೇಲೂ ಅನುಮಾನ ಇರಲಿಲ್ಲ. ಅವರು ಡೇಟಾಬೇಸಿನ ವೇಗ ಅಳೆಯುತ್ತಿದ್ದರು. ತಮ್ಮ ಲಿನಕ್ಸ್ ಯಂತ್ರದಲ್ಲಿ ಲಾಗಿನ್ ಆಗಲು ಅರ್ಧ ಸೆಕೆಂಡಿನಷ್ಟು ಜಾಸ್ತಿ ಹೊತ್ತು ಹಿಡಿಯುತ್ತಿರುವುದು ಕಣ್ಣಿಗೆ ಬಿತ್ತು. ನಾವಾಗಿದ್ದರೆ ನೆಟ್ ನಿಧಾನ ಅಂತ ಸುಮ್ನೆ ಇರುತ್ತಿದ್ದೆವು. ಅವರು ಬೆನ್ನು ಹತ್ತಿದರು. ಎಕ್ಸ್‌ಝಡ್ ಅನ್ನುವ, ಫೈಲ್ ಕುಗ್ಗಿಸುವ ಸಾಫ್ಟ್‌ವೇರ್‌ನ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಬ್ಯಾಕ್‌ಡೋರ್, ಅಂದರೆ ಹೊರಗಿನವರು ಗುಟ್ಟಾಗಿ ಯಂತ್ರದೊಳಗೆ ನುಗ್ಗುವ ಕಳ್ಳದಾರಿ, ಸಿಕ್ಕಿತು. ಅದನ್ನು ಸೇರಿಸಿದ್ದು ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೆಯ ಕೆಲಸ ಮಾಡಿ, ನಂಬಿಕೆ ಗಳಿಸಿ, ಯೋಜನೆಯ ಉಸ್ತುವಾರಿಯನ್ನೇ ಪಡೆದ ಒಂದು ಅಕೌಂಟ್. ಎಲ್ಲರೂ ನೋಡುವ ಸೋರ್ಸ್ ಕೋಡ್‌ನಲ್ಲಿ ಅದನ್ನು ಚಾಲೂ ಮಾಡುವ ಸಾಲುಗಳು ಇರಲಿಲ್ಲ. ಅಧಿಕೃತವಾಗಿ ಬಿಡುಗಡೆಯಾದ ಪ್ಯಾಕೇಜಿನಲ್ಲಿ ಮಾತ್ರ ಇದ್ದವು! ಫ್ರಾಯಿಂಡ್ ತಾವು ಕಂಡದ್ದನ್ನು ಬಹಿರಂಗವಾಗಿ ಬರೆದರು. ಏನು ಗೊತ್ತು, ಏನು ಇನ್ನೂ ಗೊತ್ತಿಲ್ಲ ಅನ್ನೋದನ್ನೂ ಬರೆದರು. ಉಳಿದವರು ಅವರ ಮಾತನ್ನು ತಾವೇ ಪರೀಕ್ಷಿಸಿ ನೋಡಿದರು.

ಬೇರೆಯವರ ಪಾಸ್‌ವರ್ಡ್ ಕದ್ದು, ಫೋಟೋ ಕದ್ದು ದುಡ್ಡು ಕೇಳುವವರು ಕಳ್ಳರು, ಅಷ್ಟೇ. ಅವರ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ನನ್ನ ಚಿಂತೆ ಇರುವುದು, ತಪ್ಪು ಕಂಡುಹಿಡಿದು ಮೊದಲು ಸಂಬಂಧಪಟ್ಟವರಿಗೇ ತಿಳಿಸುವವರ ಮೇಲೆ ಕೇಸು ಹಾಕುವ ಅಭ್ಯಾಸದ ಬಗ್ಗೆ. ನೆದರ್‌ಲ್ಯಾಂಡ್ಸ್ 2013ರಲ್ಲೇ ಇಂಥವರನ್ನು ಹೇಗೆ ನಡೆಸಿಕೊಳ್ಳಬೇಕು ಅಂತ ಮಾರ್ಗಸೂಚಿ ತಂದಿತು. ಒಳ್ಳೆಯ ಉದ್ದೇಶದಿಂದ ಭದ್ರತೆ ಪರೀಕ್ಷಿಸುವವರ ಮೇಲೆ ಕೇಸು ಹಾಕಬಾರದು ಅಂತ ಅಮೆರಿಕದ ನ್ಯಾಯ ಇಲಾಖೆ 2022ರಲ್ಲಿ ಹೇಳಿತು. ಅದು ಇಲಾಖೆಯ ನೀತಿ ಅಷ್ಟೇ, ಕಾನೂನು ಬದಲಾಗಿಲ್ಲ. ನಾಳೆ ಬೇರೆ ಸರ್ಕಾರ ಬಂದು ಅದನ್ನು ವಾಪಸ್ ತೆಗೆದುಕೊಳ್ಳಬಹುದು. ಈ ರಕ್ಷಣೆ ಕಾನೂನಿನಲ್ಲೇ ಬರಬೇಕು, ಎಲ್ಲ ದೇಶಗಳಲ್ಲೂ ಬರಬೇಕು. ಜೊತೆಗೆ, ಕಂಪ್ಯೂಟರ್ ಹೇಳಿದೆ ಅಂತ ಒಬ್ಬರನ್ನು ಜೈಲಿಗೆ ಹಾಕುವ ಮೊದಲು ಆ ಕಂಪ್ಯೂಟರಿನ ದೋಷಗಳ ದಾಖಲೆಯನ್ನು ಆರೋಪಿಯ ಕೈಗೆ ಕೊಡಲೇಬೇಕು.