ಡಬ್ಬ ತಿರುಗಿಸಿ ನೋಡಿ ಮಾರಾಯ್ರೆ

ತಲೆ ಬಿಸಿ ಆಗಿದೆ. ಬರೆದು ಮುಗಿಸದೆ ಊಟ ಇಳಿಯಲ್ಲ, ಸ್ವಲ್ಪ ಉದ್ದ ಆಗುತ್ತೆ, ಸಹಿಸ್ಕೊಳ್ಳಿ.

ಇವತ್ತು ಗೋಣಿಕೊಪ್ಪಕ್ಕೆ ಗೊಬ್ಬರ ತರೋಕೆ ಅಂತ ಹೋದವಳು ಹಾಗೇ ಸಪ್ಲಿಮೆಂಟ್ ಅಂಗಡಿಗೂ ಹೊಕ್ಕೆ, ನನ್ನ ವೇ ಪ್ರೋಟೀನ್ (ಹಾಲಿಂದ ತೆಗೆದ ಪ್ರೋಟೀನ್ ಪುಡಿ) ಖಾಲಿ ಆಗಿತ್ತು. ಮಂಡಿ ಆಪರೇಷನ್ ಆದಮೇಲೆ ನಾನು ಇದನ್ನ ಕುಡಿಯೋದು ನಿಮಗೆಲ್ಲ ಗೊತ್ತೇ ಉಂಟಲ್ಲ, "ಈ ವಯಸ್ಸಲ್ಲಿ ಬಾಡಿ ಬಿಲ್ಡಿಂಗಾ" ಅಂತ ನಕ್ಕವರೂ ಈ ಲಿಸ್ಟಲ್ಲೇ ಇದ್ದೀರಿ. ಅಂಗಡೀಲಿ ನಮ್ಮ ಕಡೆಯ ಪ್ಲಾಂಟರ್ ಒಬ್ರು, ಮಗನ ಜೊತೆ. ಹುಡುಗ ಹಾಕಿ ಆಡ್ತಾನೆ, ಎಲ್ಲೋ ಸೆಲೆಕ್ಷನ್ ಟ್ರಯಲ್ಸ್ ಇದೆಯಂತೆ. ಕೌಂಟರ್ ಹುಡುಗ ಮೂರು ಕೆಜಿಯ ಒಂದು ದೊಡ್ಡ ಪ್ಯಾಕೆಟ್ ಇಳಿಸಿ ಇಟ್ಟ, ಮುಂದುಗಡೆ ತಲೆನೇ ಇಲ್ಲದ, ಬರೀ ಎದೆ ತೋಳು ಇರೋ ಮನುಷ್ಯನ ಚಿತ್ರ, ಚಿನ್ನದ ಬಣ್ಣದ ಅಕ್ಷರ, "ಅಂಕಲ್ ಇದೇ ಫಾಸ್ಟ್ ಮೂವಿಂಗು" ಅಂದ. ಅಣ್ಣ ಜೇಬಿಗೆ ಕೈ ಹಾಕಿಯೇ ಬಿಟ್ರು.

ನನಗೆ ಬಾಯಿ ತಡೆಯಲ್ಲ, ಗೊತ್ತಲ್ಲ. "ಅಣ್ಣಾ ಒಂದು ನಿಮಿಷ" ಅಂತ ಪ್ಯಾಕೆಟ್ ತಿರುಗಿಸಿದೆ. ಹಿಂದೆ ಸಣ್ಣ ಅಕ್ಷರದಲ್ಲಿ, 100 ಗ್ರಾಂ ಪುಡಿಗೆ ಪ್ರೋಟೀನ್ 15 ಗ್ರಾಂ, ಕಾರ್ಬೋಹೈಡ್ರೇಟ್ 76 ಗ್ರಾಂ. ಪದಾರ್ಥಗಳ ಪಟ್ಟೀಲಿ ಮೊದಲ ಹೆಸರೇ ಮಾಲ್ಟೋಡೆಕ್ಸ್‌ಟ್ರಿನ್. ಅಂದ್ರೆ ಪಿಷ್ಟದಿಂದ ಮಾಡಿದ ಪುಡಿ, ಹೊಟ್ಟೆಗೆ ಹೋದ್ರೆ ಬೇಗ ಸಕ್ಕರೆ ಆಗೋದು. ಇದು ಪ್ರೋಟೀನ್ ಪೌಡರೇ ಅಲ್ಲ, ಮಾಸ್ ಗೇನರ್. ತೂಕ ಹೆಚ್ಚಾಗುತ್ತೆ, ಸುಳ್ಳಲ್ಲ, ಆದ್ರೆ ಅದಕ್ಕೆ ನಾಲ್ಕು ಬಾಳೆಹಣ್ಣು, ಎರಡು ಒಟ್ಟಿ (ಅಕ್ಕಿ ರೊಟ್ಟಿ) ಜಾಸ್ತಿ ತಿಂದ್ರೆ ಸಾಕಿತ್ತು.

ಅಣ್ಣ ನನ್ನ ಮುಖ ನೋಡಿ ಹೇಳಿದ್ದೇನು ಗೊತ್ತಾ? "ಅದೆಲ್ಲ ಸಣ್ಣ ಅಕ್ಷರ, ಯಾರು ಓದ್ತಾರೆ ಬಿಡಿ."

ಇಲ್ಲೇ ನನಗೆ ಪಿತ್ತ ನೆತ್ತಿಗೇರಿದ್ದು. ಯಾಕಂದ್ರೆ ಇದೇ ಅಣ್ಣ ಚೆರಿ ಕಾಫಿ (ಸಿಪ್ಪೆ ಸಮೇತ ಒಣಗಿಸಿದ್ದು) ಕೊಡೋವಾಗ ವ್ಯಾಪಾರಿ ಹತ್ರ ಹೇಗೆ ನಿಲ್ತಾರೆ ಅಂತ ನಾನು ಕಣ್ಣಾರೆ ನೋಡಿದವಳು. ಸ್ಯಾಂಪಲ್ ತೆಗೆದು, ಸಿಪ್ಪೆ ಬಿಡಿಸಿ, ತೂಕ ಹಾಕಿ, 50 ಕೆಜಿ ಮೂಟೆಗೆ ಎಷ್ಟು ಕೆಜಿ ಕ್ಲೀನ್ ಕಾಫಿ ಬಂತು ಅಂತ ಔಟ್‌ಟರ್ನ್ ತೆಗೀತಾರಲ್ಲ, ವ್ಯಾಪಾರಿ 26 ಅಂದ್ರೆ "ಯಾವ ಲೆಕ್ಕದಲ್ಲಿ 26, ಇನ್ನೊಂದು ಸಲ ಹಾಕಿ" ಅಂತ ಅರ್ಧ ಪಾಯಿಂಟಿಗೆ ಅರ್ಧ ಗಂಟೆ ಜಗಳ ಆಡೋ ಮನುಷ್ಯ. ಮಾಯಿಶ್ಚರ್ ಮೀಟರನ್ನೂ ನಂಬಲ್ಲ. ಅಂಥವರು ಸಾವಿರಾರು ರೂಪಾಯಿ ಕೊಟ್ಟು ಮಗನ ಹೊಟ್ಟೆಗೆ ಹಾಕೋ ಪುಡಿಗೆ ಔಟ್‌ಟರ್ನ್ ಕೇಳಲ್ಲ! ಕೊಡೋವಾಗ ಇರೋ ಲೆಕ್ಕ ತಗೊಳ್ಳೋವಾಗ ಎಲ್ಲಿಗೆ ಹೋಗುತ್ತೆ?

ಇದರಲ್ಲಿ ವಿಜ್ಞಾನ ಗಿಜ್ಞಾನ ಎಂತದೂ ಇಲ್ಲ. ಒಂದು ಭಾಗಾಕಾರ ಅಷ್ಟೇ. ಒಂದು ಸ್ಕೂಪ್ ಎಷ್ಟು ಗ್ರಾಂ, ಅದರಲ್ಲಿ ಪ್ರೋಟೀನ್ ಎಷ್ಟು ಗ್ರಾಂ. 30ಕ್ಕೆ 24 ಇದ್ರೆ ನೂರಕ್ಕೆ 80, ಫಸ್ಟ್ ಕ್ಲಾಸ್. 33ಕ್ಕೆ 24 ಇದ್ರೆ 73 ಹತ್ರ, ಫ್ಲೇವರು ಕೋಕೋ ಎಲ್ಲ ಸೇರಿದಾಗ ಅಷ್ಟು ಪರವಾಗಿಲ್ಲ. ನೂರಕ್ಕೆ 50-60 ಅಂದ್ರೆ ಉಳಿದದ್ದು ಎಂತದು ಅಂತ ಕೇಳಿ. "ಒಂದು ಸರ್ವಿಂಗಿಗೆ 25 ಗ್ರಾಂ ಪ್ರೋಟೀನ್" ಅಂತ ಮುಂದೆ ದೊಡ್ಡದಾಗಿ ಹಾಕಿ, ಸರ್ವಿಂಗ್ ಅಂದ್ರೆ ಎರಡು ಸ್ಕೂಪ್ ಅಂತ ಹಿಂದೆ ಮೆಲ್ಲಗೆ ಬರೆಯೋ ಜಾಣರೂ ಇದ್ದಾರೆ.

ರೇಟನ್ನೂ ಹೀಗೇ ನೋಡಬೇಕು. 2400 ರೂಪಾಯಿಗೆ ಒಂದು ಕೆಜಿ, ನೂರಕ್ಕೆ 75 ಇದ್ರೆ ಒಂದು ಗ್ರಾಂ ಪ್ರೋಟೀನಿಗೆ 3 ರೂಪಾಯಿ 20 ಪೈಸೆ. 1800ಕ್ಕೆ ಸಿಗುತ್ತೆ, ಆದ್ರೆ ನೂರಕ್ಕೆ 50 ಅಂದ್ರೆ ಗ್ರಾಂಗೆ 3 ರೂಪಾಯಿ 60 ಪೈಸೆ. ಚೀಪ್ ಅಂತ ತಗೊಂಡಿದ್ದೇ ಕಾಸ್ಟ್ಲಿ ಆಯ್ತಲ್ಲ?

ಒಳ್ಳೇ ವೇ ಅರ್ಧ ರೇಟಿಗೆ ಬರೋಕೆ ಸಾಧ್ಯ ಇಲ್ಲ, ಅದಕ್ಕೂ ಕಾರಣ ಉಂಟು. ಹಾಲು ಒಡೆದು ಚೀಸ್ ಮಾಡಿದ ಮೇಲೆ ಉಳಿಯೋ ನೀರು ಇದೆಯಲ್ಲ, ತಿಳಿ ಹಳದಿ ಹಸಿರು ಬಣ್ಣದ್ದು, ಅದೇ ವೇ. ಹಾಲಿನ ಪ್ರೋಟೀನಲ್ಲಿ ನೂರಕ್ಕೆ 80 ಭಾಗ ಕೇಸಿನ್, ಅದು ಚೀಸಿಗೆ ಹೋಗುತ್ತೆ, ಉಳಿದ 20 ಈ ನೀರಿಗೆ. ಆ ನೀರಲ್ಲಿ ಪ್ರೋಟೀನ್ ನೂರಕ್ಕೆ ಒಂದು ಗ್ರಾಂ ಕೂಡ ಇರಲ್ಲ. ಅದನ್ನ ಫಿಲ್ಟರ್ ಮಾಡಿ ಮಾಡಿ, ಒಣಗಿಸಿ, ನೂರು ಲೀಟರಿಗೂ ಮೇಲೆ ನೀರಿಂದ ಒಂದು ಕೆಜಿ ಪುಡಿ ತೆಗೀಬೇಕು. ನೂರಕ್ಕೆ 80ರ ಸುಮಾರು ಪ್ರೋಟೀನ್ ಇರೋದು ಕಾನ್ಸಂಟ್ರೇಟ್, ಇನ್ನೂ ಸೋಸಿ 90 ದಾಟಿಸಿದ್ದು ಐಸೋಲೇಟ್. ಹಾಲು ಕುಡಿದ್ರೆ ಹೊಟ್ಟೆ ಉಬ್ಬರಿಸೋರಿಗೆ ಐಸೋಲೇಟ್ ಒಳ್ಳೇದು, ಅದರಲ್ಲಿ ಲ್ಯಾಕ್ಟೋಸ್, ಅಂದ್ರೆ ಹಾಲಿನ ಸಕ್ಕರೆ, ತುಂಬ ಕಮ್ಮಿ. ನನ್ನ ಹೊಟ್ಟೆಯೂ ಅದೇ ಜಾತಿ, ಅದಕ್ಕೇ ಜಾಸ್ತಿ ದುಡ್ಡು ಕೊಡ್ತೀನಿ. ಹಾಲು ಮೊಸರು ಎಲ್ಲ ಅರಗಿಸ್ಕೊಳ್ಳೋ ಹದಿನೆಂಟರ ಹುಡುಗನಿಗೆ ಕಾನ್ಸಂಟ್ರೇಟ್ ಧಾರಾಳ ಸಾಕು. ಆದ್ರೆ ಅಂಗಡಿಯವನು ಹೈಡ್ರೋಲೈಸ್ಡ್ (ಮೊದಲೇ ಸಣ್ಣದಾಗಿ ಒಡೆದ ಪ್ರೋಟೀನ್) ಅಂತ ಇನ್ನೂ ದುಬಾರಿದು ತೋರಿಸ್ತಾನೆ, "ಬೇಗ ಅಬ್ಸಾರ್ಬ್ ಆಗುತ್ತೆ ಅಂಕಲ್". ಅಷ್ಟು ಅರ್ಜೆಂಟ್ ಎಂತ ಉಂಟೋ.

ಹಾಂ, ನನಗೆ ಏನು ತೋರಿಸಿದ ಗೊತ್ತಾ? ಗುಲಾಬಿ ಡಬ್ಬ. "ಆಂಟಿ, ಲೇಡೀಸ್‌ಗೆ ಬೇರೆ ಬರುತ್ತೆ." ಆಂಟಿ ಅಂದಿದ್ದಕ್ಕೂ ಕ್ಷಮೆ ಇಲ್ಲ, ಗುಲಾಬಿ ಡಬ್ಬಕ್ಕೂ ಇಲ್ಲ. ಅದೇ ಹಾಲು, ಅದೇ ವೇ, ಒಂದು ಚಿಟಿಕೆ ಬಯೋಟಿನ್ ಅನ್ನೋ ವಿಟಮಿನ್ ಹಾಕಿ ಪ್ರೋಟೀನ್ ಕಮ್ಮಿ ಮಾಡಿ ರೇಟ್ ಜಾಸ್ತಿ ಮಾಡಿದ್ದಾರೆ. ಹಸುವಿಗೆ ಗೊತ್ತಾ ಯಾವ ಹಾಲು ಲೇಡೀಸಿಗೆ ಹೋಗುತ್ತೆ ಅಂತ?

ಈಗ ಕೆಲವರು ಬರ್ತಾರೆ ಕಾಮೆಂಟಿಗೆ, "ನಮ್ಮಜ್ಜ ಪಂದಿ ಕರಿ (ಹಂದಿ ಸಾರು), ಕಡಂಬುಟ್ಟು (ಅಕ್ಕಿ ಕಡುಬು) ತಿಂದೇ ಹಾಕಿ ಆಡಿದ್ದು, ಆರ್ಮಿಗೆ ಹೋಗಿದ್ದು, ಯಾವ ಪೌಡರು ಇತ್ತು" ಅಂತ. ಸರಿ ಸ್ವಾಮಿ. ನಿಮ್ಮಜ್ಜ ಗದ್ದೆ ಉತ್ತು, ಬೆಟ್ಟ ಹತ್ತಿ, ಮೂರು ಹೊತ್ತು ಮನೆ ಊಟ ಮಾಡಿದವರು. ನಿಮ್ಮ ಮಗ ಮೈಸೂರಲ್ಲಿ ಹಾಸ್ಟೆಲಿನ ನೀರು ಸಾರು ಉಣ್ತಿದ್ದಾನೆ. ಐಸಿಎಂಆರ್‌ನವರೂ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2024ರಲ್ಲಿ ಪ್ರೋಟೀನ್ ಪೌಡರ್ ಬೇಡ, ಊಟದಲ್ಲೇ ತಗೊಳ್ಳಿ ಅಂದ್ರು, ಆ ಫಾರ್ವರ್ಡ್ ನನಗೂ ಬಂದಿದೆ, ಕಳಿಸಬೇಡಿ. ಊಟದಲ್ಲಿ ಸಿಕ್ಕಿದ್ರೆ ಯಾರಿಗೆ ಬೇಕು ಈ ಪುಡಿ? ಒಂದು ಮೊಟ್ಟೇಲಿ 6 ಗ್ರಾಂ ಪ್ರೋಟೀನ್ ಇದೆ, ಏಳು ರೂಪಾಯಿ ಅಂತಿಟ್ಕೊಂಡ್ರೂ ಗ್ರಾಂಗೆ ಒಂದೂ ಕಾಲು ರೂಪಾಯಿ ಬೀಳಲ್ಲ, ಯಾವ ವೇನೂ ಅದರ ಹತ್ರ ಬರಲ್ಲ. ಬೇಯಿಸಿದ ಕೋಳಿ, ಪಂದಿ 100 ಗ್ರಾಂ ತಿಂದ್ರೆ 25 ಗ್ರಾಂ ಆಸುಪಾಸು. ಸೋಯಾ ಚಂಕ್ಸ್ ಒಣಗಿದ್ದು 100 ಗ್ರಾಂಗೆ 50ರ ಮೇಲೆ. ಐಸಿಎಂಆರ್ ಲೆಕ್ಕದಲ್ಲೇ ಕೆಜಿ ತೂಕಕ್ಕೆ 0.83 ಗ್ರಾಂ, ಅಂದ್ರೆ 60 ಕೆಜಿ ಹುಡುಗನಿಗೆ ದಿನಕ್ಕೆ 50, ಮೈದಾನದಲ್ಲಿ ಬೆವರು ಸುರಿಸೋನಿಗೆ 80-90 ಬೇಕಾಗುತ್ತೆ. ಊಟದ್ದು ಕೂಡಿಸಿ ನೋಡಿ, 20-25 ಕಮ್ಮಿ ಬಿದ್ರೆ ಒಂದು ಸ್ಕೂಪ್. ಬೀಳದಿದ್ರೆ ಆ ದುಡ್ಡಲ್ಲಿ ಒಳ್ಳೇ ಶೂ ಕೊಡಿಸಿ.

ಇನ್ನು ಕಿಡ್ನಿ ಹೋಗುತ್ತೆ ಅನ್ನೋರು. ಕಿಡ್ನಿ ತೊಂದ್ರೆ ಮೊದಲೇ ಇರೋರು ಡಾಕ್ಟರನ್ನ ಕೇಳದೆ ಮುಟ್ಟಬಾರದು, ಅದು ನಿಜ. ಗಟ್ಟಿ ಕಿಡ್ನಿ ಇರೋನಿಗೆ ದಿನಾ ಒಂದು ಸ್ಕೂಪಿಂದ ಕಿಡ್ನಿ ಹೋಗಿದ್ದಕ್ಕೆ ಪುರಾವೆ ಇಲ್ಲ. ಮದುವೆ ಮನೇಲಿ ರಾತ್ರಿ ಪೂರ್ತಿ ಗ್ಲಾಸ್ ಹಿಡ್ಕೊಂಡು ನಿಂತವರು ಬೆಳಿಗ್ಗೆ ನನಗೆ ಕಿಡ್ನಿ ಪಾಠ ಮಾಡ್ತಾರೆ. ಬಿಡಿ, ಇನ್ನೂ ಬರೆದ್ರೆ ನೆಂಟಸ್ತನ ಹಾಳಾಗುತ್ತೆ.

ನಿಜ ಹೇಳ್ಬೇಕಾ, ನಾನು ಕುಡಿಯೋದಕ್ಕೆ ಆರೋಗ್ಯ ಒಂದೇ ಕಾರಣ ಅಲ್ಲ. ಬೆಳಿಗ್ಗೆ ಏಳಕ್ಕೆ ಕೆಲಸದವರು ಬರೋ ಮೊದಲು ಒಬ್ಬಳಿಗೋಸ್ಕರ ಮೊಟ್ಟೆ ಬೇಯಿಸಿ ಸುಲಿಯೋಕೆ ನನಗೆ ಸೋಮಾರಿತನ. ಶೇಕರ್ ಅಲ್ಲಾಡಿಸಿ ಕುಡಿದು ತೋಟಕ್ಕೆ ಇಳಿದ್ರೆ ಆಯ್ತು. ಮತ್ತೆ ಆ ಚಾಕಲೇಟ್ ಫ್ಲೇವರ್ ನನಗೆ ಇಷ್ಟ, ಅಮ್ಮನಿಗೆ ಹೇಳಬೇಡಿ, ಅವರು ಅದನ್ನ ಡಾಕ್ಟರ್ ಕೊಟ್ಟ ಔಷಧಿ ಅಂತಲೇ ತಿಳ್ಕೊಂಡಿದ್ದಾರೆ.

ಮತ್ತೆ ವಿಷಯಕ್ಕೆ. "ಅಕ್ಕ, ಲೇಬಲ್ಲೇ ಸುಳ್ಳಿದ್ರೆ?" ಅಂತ ಆ ಹಾಕಿ ಹುಡುಗ ಕೇಳಿದ. (ನೋಡಿ, ಅಕ್ಕ ಅಂದ. ಬೆಳೀತಾನೆ ಹುಡುಗ.) ಅಪ್ಪ ಕೇಳದ ಪ್ರಶ್ನೆ ಅವನು ಕೇಳಿದ. ಇದ್ರೂ ಇರುತ್ತೆ ಮಗ. 2024ರಲ್ಲೇ ಕೇರಳದ ಲಿವರ್ ಡಾಕ್ಟರ್ ಸಿರಿಯಾಕ್ ಆಬಿ ಫಿಲಿಪ್ಸ್ ಮತ್ತವರ ತಂಡ ನಮ್ಮ ದೇಶದಲ್ಲಿ ಮಾರೋ 36 ಪ್ರೋಟೀನ್ ಪುಡಿಗಳನ್ನ ಲ್ಯಾಬಿಗೆ ಕೊಟ್ಟು ನೋಡಿದ್ರು, 25ರಲ್ಲಿ ಬರೆದಿದ್ದಕ್ಕೂ ಒಳಗಿದ್ದದ್ದಕ್ಕೂ ತಾಳೆ ಇಲ್ಲ. ಕೆಲವದರಲ್ಲಿ ಅಫ್ಲಾಟಾಕ್ಸಿನ್, ಅಂದ್ರೆ ಬೂಷ್ಟಿನ ವಿಷ, ಅದೂ ಸಿಕ್ತು.

ಮೋಸ ಹೇಗೆ ಮಾಡ್ತಾರೆ ಅಂದ್ರೆ, ಲ್ಯಾಬಲ್ಲಿ ಸಾಮಾನ್ಯವಾಗಿ ಪ್ರೋಟೀನನ್ನೇ ನೇರ ಅಳೆಯಲ್ಲ, ನೈಟ್ರೋಜನ್ ಅಳೆದು, ಹಾಲಿನದ್ದಾದ್ರೆ 6.38ರಿಂದ ಗುಣಿಸ್ತಾರೆ. ಹಾಗಾಗಿ ಗ್ಲೈಸಿನ್, ಟಾರಿನ್ ತರದ ಅಗ್ಗದ ಪುಡಿ ಸುರಿದ್ರೆ ನೈಟ್ರೋಜನ್ ಏರುತ್ತೆ, ಕಾಗದದ ಮೇಲೆ ಪ್ರೋಟೀನ್ ಏರುತ್ತೆ, ನಿಮ್ಮ ಮಾಂಸಖಂಡಕ್ಕೆ ಸೊನ್ನೆ. 2008ರಲ್ಲಿ ಚೀನಾದಲ್ಲಿ ಮಕ್ಕಳ ಹಾಲಿನ ಪುಡಿಗೆ ಮೆಲಮೈನ್ ಅನ್ನೋ ಪ್ಲಾಸ್ಟಿಕ್ ಮಾಡೋ ಕೆಮಿಕಲ್ ಬೆರೆಸಿದ್ದೂ ಇದೇ ಟೆಸ್ಟಿಗೆ ಟೋಪಿ ಹಾಕೋಕೆ, ಎಳೆ ಮಕ್ಕಳು ಸತ್ತವು. ಅದಕ್ಕೇ ಪದಾರ್ಥಗಳ ಪಟ್ಟಿ ಓದಿ ಅಂತ ಬಡ್ಕೊಳ್ಳೋದು. ಜಾಸ್ತಿ ಇರೋದು ಮೊದಲು ಬರೀಬೇಕು ಅಂತ ರೂಲ್ಸ್ ಉಂಟು, ಮೊದಲ ಹೆಸರು ವೇ ಪ್ರೋಟೀನ್ ಕಾನ್ಸಂಟ್ರೇಟೋ ಐಸೋಲೇಟೋ ಇರಬೇಕು, ಪಟ್ಟಿ ಚಿಕ್ಕದಿರಬೇಕು, ಗ್ಲೈಸಿನ್ನು ಟಾರಿನ್ನು ನುಸುಳಿರಬಾರದು. ಅಮಿನೋ ಆಸಿಡ್ (ಪ್ರೋಟೀನಿನ ಬಿಡಿ ಭಾಗಗಳು) ಪಟ್ಟಿ ಕೊಟ್ಟಿದ್ರೆ ಲ್ಯೂಸಿನ್ ನೋಡಿ, 25 ಗ್ರಾಂ ಪ್ರೋಟೀನಿಗೆ ಎರಡೂವರೆ ಗ್ರಾಂ ಹತ್ತಿರ ಇರಬೇಕು, ಒಂದೂವರೆ ಇದ್ರೆ ಏನೋ ಬೆರಕೆ ಇದೆ. ಮೊಬೈಲ್ ವಿಡಿಯೋದಲ್ಲಿ ಪುಡಿಗೆ ಟಿಂಚರ್ ಅಯೋಡಿನ್ ಹಾಕಿ "ನೀಲಿ ಆಗ್ಲಿಲ್ಲ, ಅಸಲಿ" ಅಂತ ಕುಣೀತಾರಲ್ಲ, ಅದರಲ್ಲಿ ಗೊತ್ತಾಗೋದು ಪಿಷ್ಟ ಒಂದೇ, ಗ್ಲೈಸಿನ್ ಹಾಕಿದ್ರೆ ಅಯೋಡಿನ್ ಬಣ್ಣನೇ ತಿರುಗಲ್ಲ.

ಎಫ್‌ಎಸ್‌ಎಸ್‌ಎಐ (ಸರ್ಕಾರದ ಆಹಾರ ಸುರಕ್ಷತಾ ಪ್ರಾಧಿಕಾರ) ಲೈಸೆನ್ಸ್ ನಂಬರ್ 14 ಅಂಕಿ, ಅದಿಲ್ಲದ್ದು ಕೈಯಲ್ಲೂ ಮುಟ್ಟಬೇಡಿ. ಫಾರಿನ್ ಮಾಲು ಅಂದ್ರೆ ಇಲ್ಲಿ ಇಂಪೋರ್ಟ್ ಮಾಡಿದವರ ಹೆಸರು ವಿಳಾಸ ಅಂಟಿಸಿರಬೇಕು. "ದುಬೈಯಿಂದ ಫ್ರೆಂಡ್ ತಂದಿದ್ದು" ಅಂತ ಜಿಮ್ಮಲ್ಲಿ ಸ್ಟಿಕ್ಕರಿಲ್ಲದ ಡಬ್ಬ ಮಾರೋ ಕೋಚುಗಳಿಗೆ ನನ್ನ ನಮಸ್ಕಾರ. ಹಾಗೆ ಲೈಸೆನ್ಸ್ ಇದ್ದ ಮಾತ್ರಕ್ಕೆ ಚಿನ್ನ ಅಂತಲ್ಲ, ಬ್ಯಾಚ್ ನಂಬರಿನ ಲ್ಯಾಬ್ ರಿಪೋರ್ಟ್ ಹಾಕೋ ಕಂಪನಿಗಳು ಈಗ ಇದ್ದಾವೆ, ನಿಮ್ಮ ಡಬ್ಬದ ಬ್ಯಾಚಿಗೂ ರಿಪೋರ್ಟಿನ ಬ್ಯಾಚಿಗೂ ತಾಳೆ ಆಗ್ಬೇಕು. ಯಾವುದೋ ಹಳೇ ರಿಪೋರ್ಟ್ ಫ್ರೇಮ್ ಹಾಕಿಟ್ರೆ ಎಂತಕ್ಕೆ?

ಆಟ ಆಡೋ ಮಕ್ಕಳ ಅಪ್ಪ ಅಮ್ಮಂದಿರು ಇದನ್ನ ಎರಡು ಸಲ ಓದಿ. ಕೊಡಗಲ್ಲಿ ಮನೆಗೊಂದು ಹಾಕಿ ಸ್ಟಿಕ್ ಇದೆ, 1997ರಿಂದ ಮನೆತನಕ್ಕೊಂದು ತಂಡ ಕಟ್ಟಿ ಕೌಟುಂಬಿಕ ಹಾಕಿ ನಡೆಸೋ ಊರು ನಮ್ಮದು, ನಾಳೆ ನಿಮ್ಮ ಮಗ ಮಗಳು ರಾಜ್ಯಕ್ಕೋ ದೇಶಕ್ಕೋ ಆಡೋ ಹೊತ್ತಲ್ಲಿ ಡೋಪ್ ಟೆಸ್ಟ್ ಆಗುತ್ತೆ. ಪುಡೀಲಿ ಯಾರೋ ಏನೋ ಬೆರೆಸಿದ್ರು, ನಂಗೊತ್ತಿರಲಿಲ್ಲ ಅಂತ ಅತ್ರೂ ಪಾಸಿಟಿವ್ ಪಾಸಿಟಿವೇ, ಮೈಯೊಳಗೆ ಸಿಕ್ಕಿದ್ದಕ್ಕೆ ಆಟಗಾರನೇ ಹೊಣೆ ಅನ್ನೋದು ಡೋಪಿಂಗ್ ನಿಯಮ. ಅಂಗಡಿಯವನು ಬಂದು ಸಾಕ್ಷಿ ಹೇಳಲ್ಲ. ಇನ್ಫಾರ್ಮ್ಡ್ ಸ್ಪೋರ್ಟ್ ಗುರುತು ಇರೋ ಪುಡಿಗಳ ಪ್ರತಿ ಬ್ಯಾಚನ್ನೂ ನಿಷೇಧಿತ ವಸ್ತುಗಳಿಗೆ ಟೆಸ್ಟ್ ಮಾಡಿರ್ತಾರೆ, ಅವರ ವೆಬ್‌ಸೈಟಲ್ಲಿ ಬ್ಯಾಚ್ ನಂಬರ್ ಹಾಕಿ ನೋಡಬಹುದು. ಸ್ವಲ್ಪ ದುಬಾರಿ. ಸಸ್ಪೆಂಡ್ ಆಗೋದು ಇನ್ನೂ ದುಬಾರಿ.

ಇನ್ನೊಂದು, ಇದು ನಮ್ಮೂರಿನವರಿಗೆ ಮಾತ್ರ. ಆಫರ್ ಅಂತ ಜೂನಲ್ಲಿ ಎರಡೂವರೆ ಕೆಜಿ ಡಬ್ಬ ತರಬೇಡಿ. ಬಾಗಿಲ ಹಿಂದೆ ನೇತು ಹಾಕಿದ ಬೆಲ್ಟಿಗೆ, ಮದುವೆ ಶೂಸಿಗೆ ಬಿಳಿ ಬೂಷ್ಟು ಬರೋ ಜಾಗದಲ್ಲಿ ಹಾಲಿನ ಪುಡಿ ಸುಮ್ನಿರುತ್ತಾ? ಮುಚ್ಚಳ ಸಡಿಲ ಬಿಟ್ರೆ ವಾರದಲ್ಲಿ ಅಂಚಿಗೆಲ್ಲ ಮೆತ್ತಿಕೊಂಡು, ಸ್ಕೂಪ್ ಚುಚ್ಚಿದ್ರೆ ಟಕ್ ಅಂತ ಸದ್ದು. ಮಳೆಗಾಲಕ್ಕೆ ಅರ್ಧ ಕೆಜಿ ಪ್ಯಾಕು, ಒದ್ದೆ ಚಮಚ ಹಾಕ್ಬೇಡಿ, ಒಲೆ ಪಕ್ಕ ಆವಿ ಬರೋ ಕಡೆ ಇಡಬೇಡಿ, ಒಳಗಿರೋ ಸಿಲಿಕಾ ಪೊಟ್ಟಣ ಬಿಸಾಡಬೇಡಿ. ಮುಗ್ಗಲು ವಾಸನೆ ಬಂತೋ, ಎಷ್ಟು ದುಡ್ಡಿನದ್ದಾದ್ರೂ ಕಾಂಪೋಸ್ಟ್ ಗುಂಡಿಗೆ ಹಾಕಿ.

ಆ ಅಣ್ಣ ಏನು ಮಾಡಿದ್ರು ಅಂತ ಕೇಳ್ತೀರಿ. ಮಾಸ್ ಗೇನರೇ ತಗೊಂಡ್ರು. "ಹುಡುಗ ದಪ್ಪ ಆಗ್ಲಿ ಬಿಡಿ" ಅಂದ್ರು. ಬಿಲ್ ಹಾಕೋವಾಗ 50 ರೂಪಾಯಿ ಕಮ್ಮಿ ಮಾಡಿ ಅಂತ ಹತ್ತು ನಿಮಿಷ ಚೌಕಾಸಿ ಬೇರೆ!

ಕಾಮೆಂಟಲ್ಲಿ ಯಾವ ಬ್ರ್ಯಾಂಡ್ ಒಳ್ಳೇದು ಅಂತ ಕೇಳ್ಬೇಡಿ, ಹೇಳಲ್ಲ, ನನಗೆ ಯಾರೂ ಕಮಿಷನ್ ಕೊಡಲ್ಲ. ನಿಮ್ಮನೇಲಿರೋದರ ಲೇಬಲ್ ಫೋಟೋ ಹಾಕಿ, ಅಕ್ಷರ ಓದೋ ಹಾಗೆ ತೆಗೀರಿ, ಒಟ್ಟಿಗೆ ಲೆಕ್ಕ ಹಾಕುವ. ಇಲ್ಲಿ ಮಧ್ಯಾಹ್ನದಿಂದ ಕರೆಂಟಿಲ್ಲ, ಫೋನಲ್ಲಿ ಚಾರ್ಜ್ ಕಮ್ಮಿ ಇದೆ, ಉತ್ತರ ನಾಳೆ ಕೊಡ್ತೀನಿ.