ಬಾವಿಯ ರಾಟೆ ಸದ್ದು ಸಾಕಿತ್ತು

ಮೊನ್ನೆ ಬೆಳಗಿನ ಜಾವ ಟೊಮೆಟೊ ಹಾಕ್ಕೊಂಡು ಕೋಲಾರ ಎಪಿಎಂಸಿಗೆ ಹೋಗ್ತಿದ್ವಿ. ಗಾಡಿ ರೇಡಿಯೋದಲ್ಲಿ ಹಾಡು ಮುಗಿದಿದ್ದೇ ತಡ, ಢಂ ಢಂ ಅಂತ ಫಿರಂಗಿ, ಹಿಂದೇನೇ ಕಹಳೆ, ಆಮೇಲೆ ಸಿನಿಮಾ ಟ್ರೈಲರ್ ಗಂಟಲಲ್ಲಿ ಯಾರೋ ಕಿರುಚಿದ್ರು. ಕೊನೆಗೆ ಫೋನ್ ನಂಬರನ್ನ ಒಂದೇ ಉಸಿರಲ್ಲಿ ಓಡಿಸಿದ್ರು. ಡ್ರೈವರ್ ಸೌಂಡ್ ಕಮ್ಮಿ ಮಾಡಿ, "ಏನಣ್ಣ, ದೀಪಾವಳಿ ಇನ್ನೂ ದೂರ ಐತಲ್ಲ, ಈಗಲೇ ಪಟಾಕಿ ಅಂಗಡಿನಾ?" ಅಂದ.

ಅದು ಮಿಲಿಟರಿ ಮ್ಯೂಸಿಯಂ ಜಾಹೀರಾತು. ಯಾವ ಮ್ಯೂಸಿಯಂ ಅನ್ನೋದು ಬೇಡ ಬಿಡಿ. ಪಾಪ, ಸೆಕೆಂಡಿಗಿಷ್ಟು ಅಂತ ದುಡ್ಡು ಕಟ್ಟಿರ್ತಾರೆ.

ನನ್ನ ತಕರಾರು ಇಷ್ಟೇ. ಮ್ಯೂಸಿಯಂ ಒಳಗೆ ಫಿರಂಗಿ ಹಾರಲ್ಲ, ಸುಮ್ನೆ ನಿಂತಿರುತ್ತೆ. ಜನ ಅಲ್ಲಿಗೆ ಹೋಗೋದು ಸದ್ದು ಕೇಳೋಕಲ್ಲ, ಆ ಸದ್ದು ಅಡಗಿದ ಮೇಲೆ ಉಳಿದಿದ್ದನ್ನ ನೋಡೋಕೆ. ರೇಡಿಯೋದಲ್ಲಿ ಚಿತ್ರ ಇಲ್ಲ ಅಂತ ಗದ್ದಲ ತುಂಬಿಬಿಟ್ರೆ ಕೇಳೋನು ಚಿತ್ರ ಕಟ್ಕೊಳ್ಳೋಕೆ ಜಾಗ ಎಲ್ಲಿ?

ಆ 30 ಸೆಕೆಂಡ್ ನನ್ನ ಕೈಗೆ ಸಿಕ್ಕಿದ್ರೆ ಹೀಗೆ ಮಾಡ್ತಿದ್ದೆ. ಮೊದಲು ಬಾವಿಯ ರಾಟೆ ಕಿರ್ರ್ ಅನ್ನುತ್ತೆ. ಕೆಸರು ತುಂಬಿದ ಬಾಂಡ್ಲಿ ಮೇಲೆ ಬರುತ್ತೆ. ಕೆಸರೊಳಗೆ ಕೈ ಹಾಕಿದೋನು, "ಇದೇನಣ್ಣ, ಮಣ್ಣು ಸಿಡಿಮದ್ದಿನ ವಾಸನೆ ಹೊಡೀತೈತೆ?" ಅಂತಾನೆ. ಕಬ್ಬಿಣಕ್ಕೆ ಕಬ್ಬಿಣ ತಾಗಿ ಠಣ್. ಎರಡು ಸೆಕೆಂಡ್ ಮೌನ. ಆಮೇಲೆ ಒಂದು ಮಾಮೂಲಿ ಗಂಟಲು: "ಸಾವಿರಕ್ಕೂ ಹೆಚ್ಚು ಸಿಕ್ಕಿವೆ. ಬಂದು ನೋಡಿ." ಮುಗೀತು.

ಇದು ಕಟ್ಟುಕತೆ ಅಲ್ಲ. 2018ರಲ್ಲಿ ಶಿವಮೊಗ್ಗ ಜಿಲ್ಲೆ ಹೊಸನಗರ ತಾಲ್ಲೂಕಿನ ನಗರ ಅನ್ನೋ ಊರಲ್ಲಿ ಹಳೇ ಬಾವಿಯೊಂದರ ಹೂಳಿಂದ ಹೈದರಾಲಿ, ಟಿಪ್ಪು ಕಾಲದ ಸಾವಿರಕ್ಕೂ ಹೆಚ್ಚು ಮೈಸೂರು ರಾಕೆಟ್ ತೆಗೆದ್ರು. ಶಿವಮೊಗ್ಗದ ಸರ್ಕಾರಿ ಮ್ಯೂಸಿಯಂಗೆ ಹೋದವು. 1780ರ ಪೊಲ್ಲಿಲೂರು ಯುದ್ಧದಲ್ಲಿ ಇಂಗ್ಲಿಷರ ಎದೆ ನಡುಗಿಸಿದ್ದು ಇಂಥ ರಾಕೆಟ್‌ಗಳೇ. ಕಾಗದದ ಕೊಳವೆ ಬಿಟ್ಟು ಕಬ್ಬಿಣದ ಕೊಳವೆಗೆ ಮದ್ದು ತುಂಬಿದ್ದೇ ಗುಟ್ಟು, ಅದಕ್ಕೇ ಅವು ಅಷ್ಟು ದೂರ ಹೋಗ್ತಿದ್ದಿದ್ದು. ಮುಂದೆ ಇಂಗ್ಲೆಂಡಿನ ಕಾಂಗ್ರೀವ್ ಇವನ್ನೇ ನೋಡಿ ತನ್ನ ರಾಕೆಟ್ ಮಾಡಿದ.

ಶಿವಮೊಗ್ಗದ ಬಾವಿ ವಿಷಯ ಕೋಲಾರದೋನಿಗ್ಯಾಕೆ ಅಂತೀರಾ? ಹೈದರಾಲಿ ಹುಟ್ಟಿದ್ದು ನಮ್ಮ ಬೂದಿಕೋಟೆಯಲ್ಲಿ ಸ್ವಾಮಿ! ಅದೇ ಬೂದಿಕೋಟೆಯಲ್ಲಿ 2003ರಲ್ಲಿ 'ನಮ್ಮ ಧ್ವನಿ' ಅನ್ನೋ ಊರಿನವರದ್ದೇ ರೇಡಿಯೋ ಶುರುವಾಯ್ತು. ಸಂಘಗಳಿಗೆ ರೇಡಿಯೋ ಲೈಸೆನ್ಸ್ ಕೊಡದಿದ್ದ ಕಾಲ ಅದು. ಊರಿನವರೇ ರೆಕಾರ್ಡ್ ಮಾಡಿದ್ದನ್ನ ಕೇಬಲ್ ತಂತಿಯಲ್ಲಿ ಮನೆಮನೆಗೆ ಬಿಡ್ತಿದ್ರು. ಇಂಥ ಜಾಹೀರಾತಿಗೆ ಅಂಥ ಊರಿನ ಗಂಟಲೇ ಬೇಕು, ಸ್ಟುಡಿಯೋದಲ್ಲಿ ಎದೆ ಉಬ್ಬಿಸೋರಲ್ಲ.

ನಮ್ಮ ದೊಡ್ಡಪ್ಪ ಸೈನ್ಯದಲ್ಲಿದ್ರು. ಅವರ ಕಪ್ಪು ಟ್ರಂಕಿನ ಚಿಲಕ ತೆಗೆದ್ರೆ ಎರಡು ಸಲ ಟಕ್ ಟಕ್ ಅನ್ನುತ್ತೆ. ಒಳಗೆ ದೊಡ್ಡಮ್ಮ ಬರೆಸಿದ್ದ ಇನ್‌ಲ್ಯಾಂಡ್ ಲೆಟರ್‌ಗಳು, ವಿಳಾಸ 56 ಎಪಿಒ, ಅಂದ್ರೆ ಸೈನ್ಯದ ಅಂಚೆ ಕಚೇರಿ. ಒಂದರಲ್ಲಿ ಇರೋದು ಇಷ್ಟೇ: ಮಳೆ ಬಂತು, ರಾಗಿ ಹಾಕಿದ್ವಿ, ಎಮ್ಮೆ ಈದಿದೆ. ಆ ಟಕ್ ಟಕ್, ಆ ಮೂರು ಮಾತು. ಅದೂ ಒಂದು ಜಾಹೀರಾತೇ.

ಮಂಡಿಯಲ್ಲಿ ಬಾಕ್ಸ್ ಇಳಿಸ್ತಾ ಡ್ರೈವರ್‌ಗೆ ಬಾವಿ ಜಾಹೀರಾತು ಒಪ್ಪಿಸಿದೆ. ರಾಟೆ ಸದ್ದು ನಾನೇ ಬಾಯಲ್ಲಿ ಮಾಡಿದ್ದು. ಅವನು ಬಾಕ್ಸ್ ಹಿಡ್ಕೊಂಡೇ ನಿಂತ. "ಶಿವಮೊಗ್ಗ ಎಷ್ಟು ಕಿಲೋಮೀಟರ್ ಆಗುತ್ತಣ್ಣ ಇಲ್ಲಿಂದ?"